ಸಾಲ ಬೇಡ, ಕಟ್ಟು ಬಿಚ್ಚೋಣ: ಮಕ್ಕಳಿಗೆ ದೊಡ್ಡ ಸಂಖ್ಯೆಗಳ ಕೂಡುವ, ಕಳೆಯುವ ಲೆಕ್ಕ ಕಲಿಸುವ ಬಗೆ

ಆಟಿಯ ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟಿದ್ದ ದಿನ. ಉಡುಪಿ ಬಳಿಯ ಶಂಕರಪುರದ ನಮ್ಮ ಮನೆಯ ಜಗಲಿಯಲ್ಲಿ ಪಕ್ಕದ ಮನೆಯ ಹುಡುಗಿ ಮನೆಲೆಕ್ಕ ಮಾಡುತ್ತಿದ್ದಳು. ಮೂರನೆಯ ತರಗತಿ. 52ರಲ್ಲಿ 27 ಕಳೆದು 35 ಎಂದು ಬರೆದು, ನಿಶ್ಚಿಂತೆಯಿಂದ ಮುಂದಿನದಕ್ಕೆ ಹೋಗಿದ್ದಳು.

"ಇದು ಹೇಗೆ ಬಂತು?" ಎಂದೆ.

"ಎರಡರಲ್ಲಿ ಏಳು ಹೋಗುವುದಿಲ್ಲ ಅಜ್ಜಿ. ಅದಕ್ಕೆ ಏಳರಲ್ಲಿ ಎರಡು ಕಳೆದೆ."

"ಪಕ್ಕದ ಮನೆಯಿಂದ ಸಾಲ ತೆಗೆದುಕೊಳ್ಳಬೇಕು ಎಂದು ಶಾಲೆಯಲ್ಲಿ ಹೇಳಿಲ್ಲವೇ?"

"ಹೇಳಿದ್ದಾರೆ. ಆದರೆ ಸಾಲ ತಂದರೆ ತಿರುಗಿ ಕೊಡಬೇಕಲ್ಲ? ಯಾವಾಗ ಕೊಡುವುದು ಎಂದು ಹೇಳಿಲ್ಲ."

ನಾನು ಸುಮ್ಮನಾದೆ. ವರ್ಷಗಟ್ಟಲೆ ಕರಿಹಲಗೆಯ ಮುಂದೆ ನಿಂತು ಅದೇ ಸಾಲದ ಮಾತನ್ನು ಹೇಳಿದವಳು ನಾನು. ಕೊಟ್ಟವನಿಗೆ ಎಂದೂ ಮರಳಿ ಸಿಗದ ಈ ಸಾಲದ ಬಗ್ಗೆ ಅಷ್ಟು ವರ್ಷಗಳಲ್ಲಿ ಯಾವ ಮಗುವೂ ನನ್ನನ್ನು ಕೇಳಿರಲಿಲ್ಲ. ಅಥವಾ ಕೇಳುವ ಧೈರ್ಯ ಮಾಡಿರಲಿಲ್ಲ.

ಅವಳ ತಾಯಿ ಮಲ್ಲಿಗೆ ಕಟ್ಟುತ್ತಾಳೆ. ನಮ್ಮ ಕಡೆ ಮಲ್ಲಿಗೆಯ ಲೆಕ್ಕ ಬೇರೆಯೇ: ಸುಮಾರು 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಹಾಗಾಗಿ ಪ್ರಶ್ನೆಯನ್ನು ಬದಲಿಸಿದೆ. "ಅಮ್ಮನ ಬಳಿ 2 ಅಟ್ಟೆ, 1 ಚೆಂಡು ಇದೆ. ಒಬ್ಬರು 3 ಚೆಂಡು ಕೇಳಿದರು. ಏನು ಮಾಡುತ್ತಾಳೆ?" ಹುಡುಗಿ ಯೋಚಿಸಲೂ ಇಲ್ಲ. "ಒಂದು ಅಟ್ಟೆ ಬಿಚ್ಚುತ್ತಾಳೆ. ಆಗ 5 ಚೆಂಡು ಆಯಿತು. ಮೂರು ಕೊಟ್ಟರೆ 1 ಅಟ್ಟೆ, 2 ಚೆಂಡು ಉಳಿಯಿತು." ಸಾಲವೂ ಇಲ್ಲ, ಪಕ್ಕದ ಮನೆಯೂ ಇಲ್ಲ. ತನ್ನದೇ ಕಟ್ಟು, ತಾನೇ ಬಿಚ್ಚಿದ್ದು.

ಎರಡಂಕಿ, ಮೂರಂಕಿ, ನಾಲ್ಕಂಕಿಯ ಸಂಕಲನ ವ್ಯವಕಲನಗಳೆಲ್ಲ ಈ ಎರಡೇ ಕೆಲಸ: ಹತ್ತಾದರೆ ಕಟ್ಟುವುದು, ಸಾಲದಿದ್ದರೆ ಬಿಚ್ಚುವುದು. ಮುಂದಿನ ಹಂತಗಳೆಲ್ಲ ಇದರ ಮೇಲೆಯೇ ನಿಂತಿವೆ.

ಸಾಮಾನು

ಹಳೆಯ ಹಿಡಿಸೂಡಿಯೊಂದನ್ನು (ಕಡ್ಡಿ ಪೊರಕೆ) ಬಿಡಿಸಿ, ತೆಂಗಿನ ಕಡ್ಡಿಗಳನ್ನು ಬೆರಳುದ್ದಕ್ಕೆ ಕತ್ತರಿಸಿ. ಇನ್ನೂರು, ಇನ್ನೂರೈವತ್ತು ತುಂಡು ಸಾಕು. ಕಟ್ಟಲು ಬಾಳೆನಾರು ಅಥವಾ ರಬ್ಬರ್ ಬ್ಯಾಂಡ್. ಕಾವಿ ನೆಲವಿದ್ದರೆ ಸೀಮೆಸುಣ್ಣ. ಇಲ್ಲದಿದ್ದರೆ ಹಳೆಯ ಕ್ಯಾಲೆಂಡರಿನ ಹಿಂಬದಿ. ಚೌಕಳಿ ಗೆರೆಯ ಪುಸ್ತಕ ಒಂದು. ಎರಡು ದಾಳ. ಕಾಗದದ ನೂರರ, ಹತ್ತರ ನೋಟುಗಳನ್ನು ಮಕ್ಕಳೇ ಬರೆದುಕೊಳ್ಳಲಿ. ಒಂದು ರೂಪಾಯಿಗೆ ಮಂಜೊಟ್ಟಿ ಎಂಬ ಕೆಂಪು ಬೀಜವೋ ಹುಣಸೆ ಬೀಜವೋ ಆಗುತ್ತದೆ. ಗುಲಗಂಜಿ ಮಾತ್ರ ಬೇಡ, ಅದು ವಿಷ.

ಕಟ್ಟುಗಳನ್ನು ನೀವು ಮೊದಲೇ ಕಟ್ಟಿ ಇಡಬೇಡಿ. ಅಂಗಡಿಯಲ್ಲಿ ಸಿಗುವ ಅಂಟಿಸಿದ ಹತ್ತರ ಪಟ್ಟಿಗಳು ಚೆಂದ ಕಾಣುತ್ತವೆ, ಆದರೆ ಅವುಗಳನ್ನು ಬಿಚ್ಚಲು ಬರುವುದಿಲ್ಲ. ಎಣಿಸಿ, ಕಟ್ಟಿ, ಮತ್ತೆ ಬಿಚ್ಚಿದ ಕೈಗೆ ತಿಳಿಯುವುದು ಕಣ್ಣಿಗೆ ತಿಳಿಯುವುದಿಲ್ಲ.

ಮೊದಲು ಮೂರು ಪರೀಕ್ಷೆ

ನೇರವಾಗಿ ಲೆಕ್ಕಕ್ಕೆ ಇಳಿಯುವ ಮುನ್ನ ಮಗು ಎಲ್ಲಿದೆ ಎಂದು ನೋಡಿಕೊಳ್ಳಿ.

ಒಂದು: 8ಕ್ಕೆ 5 ಕೂಡಿಸಲು ಹೇಳಿ. ಬೆರಳು ಮಡಚಿ ಒಂದರಿಂದ ಎಣಿಸುತ್ತದೆಯೇ, ಎಂಟರಿಂದ ಮುಂದೆ ಎಣಿಸುತ್ತದೆಯೇ, ಅಥವಾ "ಎಂಟಕ್ಕೆ ಎರಡು ಸೇರಿದರೆ ಹತ್ತು, ಇನ್ನು ಮೂರು, ಹದಿಮೂರು" ಎನ್ನುತ್ತದೆಯೇ? ಕೊನೆಯದು ಬರುವವರೆಗೆ ದೊಡ್ಡ ಲೆಕ್ಕ ಮುಂದೂಡಿದರೆ ನಷ್ಟವಿಲ್ಲ. ಹತ್ತಕ್ಕೆ ಜೊತೆಯಾಗುವ ಅಂಕಿಗಳು (9 ಮತ್ತು 1, 8 ಮತ್ತು 2, 7 ಮತ್ತು 3, ಹೀಗೆ) ಮಗ್ಗಿಯಂತೆ ನಾಲಿಗೆಯ ತುದಿಯಲ್ಲಿರಬೇಕು.

ಎರಡು: 47 ಕಡ್ಡಿ ಎಣಿಸಿ ಹರಡಿ, ಕಾಗದದ ಮೇಲೆ 47 ಎಂದು ಬರೆಯಿರಿ. 7ರ ಮೇಲೆ ಬೆರಳಿಟ್ಟು "ಇದು ಎಷ್ಟು ಕಡ್ಡಿ, ತೋರಿಸು" ಎನ್ನಿ. ಏಳು ತೋರಿಸುತ್ತದೆ. ಆಮೇಲೆ 4ರ ಮೇಲೆ ಬೆರಳಿಡಿ. ನಾಲ್ಕೇ ಕಡ್ಡಿ ತೋರಿಸಿದರೆ, "ಹಾಗಾದರೆ ಉಳಿದ ಇಷ್ಟೊಂದು ಕಡ್ಡಿ ಯಾವುದು?" ಎಂದು ಕೇಳಿ ಸುಮ್ಮನಿರಿ. ತರಗತಿಯಲ್ಲಿ ಎಲ್ಲ ಲೆಕ್ಕವನ್ನೂ ಸರಿ ಮಾಡುವ ಮಕ್ಕಳೂ ಇಲ್ಲಿ ತಬ್ಬಿಬ್ಬಾಗುವುದನ್ನು ಕಂಡಿದ್ದೇನೆ.

ಮೂರು: ಹೇಳಿ ಬರೆಸಿ. "ನೂರ ಐದು" ಎಂದರೆ 1005 ಎಂದು ಬರೆಯುವವರಿದ್ದಾರೆ. ಕೇಳಿದ್ದನ್ನು ಕೇಳಿದಂತೆಯೇ ಬರೆದಿದ್ದಾರೆ, ನೂರು ಆಮೇಲೆ ಐದು. "ಒಂಬೈನೂರು" ಎಂಬ ಪದದೊಳಗೆ ಐನೂರು ಕೇಳಿಸುತ್ತದೆ. "ತೊಂಬತ್ತು" ಮತ್ತು "ಒಂಬತ್ತು" ಒಂದೇ ಪ್ರಾಸದವು. ಇವೆಲ್ಲ ಗಣಿತದ ತಪ್ಪುಗಳಲ್ಲ, ಕಿವಿಯ ತಪ್ಪುಗಳು.

ಇಲ್ಲಿಯೇ ನಮ್ಮ ಜಿಲ್ಲೆಯ ಮಾತೊಂದನ್ನು ಹೇಳಬೇಕು. ಮಂಗಳೂರು, ಉಡುಪಿಯ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಶಾಲೆಯ ಭಾಷೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ತುಳುವಿನಲ್ಲಿ ಕನ್ನಡದಂತೆಯೇ ಹತ್ತು ಮೊದಲು, ಬಿಡಿ ಆಮೇಲೆ: ಪತ್ತ್, ಪತ್ತೊಂಜಿ. ಕೊಂಕಣಿಯಲ್ಲಿ ಹಿಂದಿ, ಮರಾಠಿಗಳಂತೆ ಬಿಡಿ ಮುಂದೆ ಬಂದು ಹತ್ತು ಹಿಂದೆ ನಿಲ್ಲುತ್ತದೆ. ಇಪ್ಪತ್ತೈದನ್ನು ಹೇಳುವಾಗ ಐದು ಮೊದಲು ಬಾಯಿಗೆ ಬರುತ್ತದೆ. ಅಂಥ ಮನೆಯ ಮಗು 25ರ ಜಾಗದಲ್ಲಿ 52 ಬರೆದರೆ ಬೈಯಬೇಡಿ. ಕಡ್ಡಿಯ ಕಟ್ಟನ್ನು ಎಡಕ್ಕೆ, ಬಿಡಿಯನ್ನು ಬಲಕ್ಕೆ ಇಟ್ಟು, ಮನೆಯ ಮಾತಿನಲ್ಲಿಯೇ ಹೇಳಿಸಿ, ಆಮೇಲೆ ಕನ್ನಡದಲ್ಲಿ ಹೇಳಿಸಿ. ಲೆಕ್ಕ ಯಾವ ಭಾಷೆಯಲ್ಲಿ ಅರ್ಥವಾದರೂ ಲೆಕ್ಕವೇ.

ಕೂಡುವುದು

ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಮನೆ ಎಳೆಯಿರಿ: ಎಡದಿಂದ ನೂರು, ಹತ್ತು, ಬಿಡಿ. ನಿಯಮ ಒಂದೇ. ಯಾವ ಮನೆಯಲ್ಲೂ ಒಂಬತ್ತಕ್ಕಿಂತ ಹೆಚ್ಚು ಇರುವಂತಿಲ್ಲ. ಹತ್ತಾದ ತಕ್ಷಣ ಕಟ್ಟಿ ಎಡದ ಮನೆಗೆ ಕಳುಹಿಸಬೇಕು. ಹತ್ತು ಕಟ್ಟುಗಳು ಸೇರಿದರೆ ಒಂದು ಸೂಡಿ. ಅದು ನೂರರ ಮನೆಗೆ.

23ಕ್ಕೆ 45 ಕೂಡುವಂಥ, ಕಟ್ಟುವ ಅಗತ್ಯವೇ ಬಾರದ ಲೆಕ್ಕಗಳಲ್ಲಿ ಒಂದೆರಡು ದಿನಕ್ಕಿಂತ ಹೆಚ್ಚು ನಿಲ್ಲಬೇಡಿ. ದಶಕ ರಹಿತ ಲೆಕ್ಕಗಳನ್ನೇ ವಾರಗಟ್ಟಲೆ ಮಾಡಿದ ಮಗು "ಮೇಲಿನದು ಕೆಳಗಿನದು ಕೂಡಿಸಿ ಬರೆದರಾಯಿತು" ಎಂದು ಕಲಿತುಬಿಡುತ್ತದೆ. ಆಮೇಲೆ 38ಕ್ಕೆ 27 ಕೂಡಿಸಿ 515 ಎಂದು ಬರೆಯುವುದು ಅಲ್ಲಿಂದಲೇ.

38 ಮತ್ತು 27ನ್ನು ಕಡ್ಡಿಯಲ್ಲಿ ಇಡಿಸಿ. ಒಟ್ಟು 5 ಕಟ್ಟು, 15 ಬಿಡಿ. ಬಿಡಿಯ ಮನೆಯಲ್ಲಿ ಹದಿನೈದು ಇರುವಂತಿಲ್ಲವಲ್ಲ? ಹತ್ತನ್ನು ಎಣಿಸಿ ಕಟ್ಟಿ ಎಡಕ್ಕೆ. 6 ಕಟ್ಟು, 5 ಬಿಡಿ. ಪೆನ್ಸಿಲ್ ಇನ್ನೂ ಕೈಗೆ ಬಂದಿಲ್ಲ ಎಂಬುದನ್ನು ಗಮನಿಸಿ. ಹೀಗೆ ಎರಡು ಮೂರು ದಿನ ಬರವಣಿಗೆಯೇ ಇಲ್ಲದೆ ನಡೆಯಲಿ.

ಬರೆಯಲು ಶುರು ಮಾಡುವಾಗಲೂ ನೇರವಾಗಿ ಶಾಲೆಯ ಚಿಕ್ಕ ರೂಪಕ್ಕೆ ಹೋಗಬೇಡಿ. ಮೊದಲು ಉದ್ದವಾಗಿ:

30 + 20 = 50
8 + 7 = 15
50 + 15 = 65

ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಹೆಚ್ಚಿನವರು ಹೀಗೆ ದೊಡ್ಡದರಿಂದಲೇ, ಎಡದಿಂದಲೇ ಆರಂಭಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಮನಸ್ಸಿನಲ್ಲಿಯೇ ಕೂಡುವಾಗ ನಾವು ನೀವೂ ಮಾಡುವುದು ಅದನ್ನೇ. ಬಲದಿಂದ ಯಾಕೆ ಶುರು ಮಾಡಬೇಕು ಎಂದು ಮಗು ಕೇಳಿದರೆ "ಟೀಚರ್ ಹೇಳಿದ್ದಾರೆ" ಎನ್ನಬೇಡಿ. 368 + 257ನ್ನು ಎಡದಿಂದ ಬರೆಯುತ್ತ ಹೋಗಲು ಬಿಡಿ. ಐದು ಬರೆದು, ಆಮೇಲೆ ಅದನ್ನು ಹೊಡೆದು ಆರು ಮಾಡಿ, ಮುಂದೆ ಮತ್ತೆ ಒಂದನ್ನು ಹೊಡೆದು ಎರಡು ಮಾಡಿ, 625 ತಲುಪುವಷ್ಟರಲ್ಲಿ ಪುಟ ಗಲೀಜಾಗಿರುತ್ತದೆ. ಬಲದಿಂದ ಹೋದರೆ ಅಳಿಸುವ ಕೆಲಸವಿಲ್ಲ, ಅಷ್ಟೇ ಕಾರಣ.

ಚಿಕ್ಕ ರೂಪದಲ್ಲಿ "ಕೈಯಲ್ಲಿ ಒಂದು" ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಬಿಡುವುದು ಕಷ್ಟ. ಅದರ ಜೊತೆಗೆ ಒಂದು ಪದ ಸೇರಿಸಿ: "ಕೈಯಲ್ಲಿ ಒಂದು ಹತ್ತು". ಇಷ್ಟು ಸಾಕು, ಆ ಒಂದರ ಬೆಲೆ ಮರೆಯುವುದಿಲ್ಲ. ಕೈಯಲ್ಲಿ ಯಾವಾಗಲೂ ಒಂದೇ ಇರುತ್ತದೆ ಎಂದು ನಂಬಿಕೊಂಡ ಮಕ್ಕಳಿಗೆ 48 + 37 + 29 ಕೊಡಿ. ಬಿಡಿಗಳೇ 24, ಕಟ್ಟಿದರೆ ಎರಡು ಕಟ್ಟು. ಉತ್ತರ 114.

ಇನ್ನೊಂದು ತಪ್ಪು ಪುಸ್ತಕದ್ದು. 345ರ ಕೆಳಗೆ 27ನ್ನು ಎಡಕ್ಕೆ ಒತ್ತಿ ಬರೆದು 615 ತರುತ್ತಾರೆ. ಚೌಕಳಿ ಗೆರೆಯಲ್ಲಿ ಒಂದು ಚೌಕಕ್ಕೆ ಒಂದೇ ಅಂಕಿ ಎಂದರೆ ಬಹುಪಾಲು ಸರಿಹೋಗುತ್ತದೆ.

ಕಳೆಯುವುದು: ನಿಧಾನವಾಗಿ

ಇಲ್ಲಿ ಹೆಚ್ಚು ಸಮಯ ಕೊಡಿ. 1978ರಲ್ಲಿ ಬ್ರೌನ್ ಮತ್ತು ಬರ್ಟನ್ ಎಂಬ ಅಮೆರಿಕದ ಸಂಶೋಧಕರು ಮಕ್ಕಳ ಇಂಥ ತಪ್ಪು ಲೆಕ್ಕಗಳನ್ನು ಕೂಲಂಕಷವಾಗಿ ನೋಡಿ ಒಂದು ಮಾತು ಹೇಳಿದರು: ಈ ತಪ್ಪುಗಳಲ್ಲಿ ಬಹಳಷ್ಟು ಅಜಾಗರೂಕತೆಯವಲ್ಲ, ಮಗು ಯಾವುದೋ ಒಂದು ತಪ್ಪು ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿರುತ್ತದೆ. ನಮ್ಮ ಹುಡುಗಿಯ ನಿಯಮ "ದೊಡ್ಡದರಲ್ಲಿ ಚಿಕ್ಕದನ್ನು ಕಳೆ" ಎಂಬುದು. ಅದನ್ನು ಅವಳಿಗೆ ಕೊಟ್ಟವರು ನಾವೇ. ಒಂದನೆಯ ತರಗತಿಯಲ್ಲಿ "ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು" ಎಂದವರು ಯಾರು? ಆದ್ದರಿಂದ ಕೆಂಪು ಗೀಟು ಹಾಕುವ ಮುನ್ನ "ಹೇಗೆ ಮಾಡಿದೆ?" ಎಂದು ಕೇಳಿ. ನಾಲ್ಕು ತಪ್ಪು ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಿಯಮ ತಾನಾಗಿ ಕಾಣುತ್ತದೆ.

ಬಿಚ್ಚುವ ಆಟ. ಇದರಲ್ಲಿ ಕಳೆಯುವುದೇ ಇಲ್ಲ. 63ನ್ನು ಕಡ್ಡಿಯಲ್ಲಿ ಇಡಿಸಿ: 6 ಕಟ್ಟು, 3 ಬಿಡಿ. ಒಂದು ಕಟ್ಟು ಬಿಚ್ಚಿ: 5 ಕಟ್ಟು, 13 ಬಿಡಿ. ಇನ್ನೊಂದು: 4 ಕಟ್ಟು, 23 ಬಿಡಿ. ಪ್ರತಿ ಸಲ ಕೇಳಬೇಕಾದ ಪ್ರಶ್ನೆ ಒಂದೇ: "ಒಟ್ಟು ಕಡ್ಡಿ ಹೆಚ್ಚಾಯಿತೇ, ಕಡಿಮೆಯಾಯಿತೇ?" ಮೊದಲ ದಿನ ಮತ್ತೆ ಎಣಿಸುತ್ತಾರೆ, ಎಣಿಸಲಿ. ಮೂರನೆಯ ದಿನ "ಅಷ್ಟೇ ಅಲ್ಲವೇ, ಅಜ್ಜಿಗೆ ಗೊತ್ತಿಲ್ಲವೇ" ಎಂಬಂತೆ ನೋಡುತ್ತಾರೆ. ಆಗ ಮುಂದೆ ಹೋಗಬಹುದು.

52 − 27. 5 ಕಟ್ಟು, 2 ಬಿಡಿ ಇಡಿಸಿ, 27 ಕೇಳಿ. ಬಿಡಿಯಲ್ಲಿ ಏಳು ಇಲ್ಲ. ಏನು ಮಾಡುತ್ತೀ? ಇಲ್ಲಿ ಬಾಯಿ ಬಿಗಿಹಿಡಿಯುವುದು ನಿಮ್ಮ ಪರೀಕ್ಷೆ. ಬಿಚ್ಚುವ ಆಟ ಆಡಿದ ಮಗು ತಾನಾಗಿ ಕಟ್ಟಿಗೆ ಕೈ ಹಾಕುತ್ತದೆ. 4 ಕಟ್ಟು, 12 ಬಿಡಿ. ಅದರಲ್ಲಿ 2 ಕಟ್ಟು, 7 ಬಿಡಿ ಕೊಟ್ಟರೆ ಉಳಿಯುವುದು 25. ಆಮೇಲೆಯೇ ಪುಸ್ತಕ. ಐದನ್ನು ಹೊಡೆದು ಮೇಲೆ 4, ಎರಡರ ಜಾಗದಲ್ಲಿ 12. ಈ ಗುರುತುಗಳು ಮಂತ್ರವಲ್ಲ, ಈಗ ತಾನೇ ಕೈಯಲ್ಲಿ ಮಾಡಿದ್ದರ ವರದಿ.

ಮೂರಂಕಿಗೆ ಹೋದಾಗ ಬಿಚ್ಚುವ ಕೆಲಸವನ್ನೆಲ್ಲ ಮೊದಲು ಮುಗಿಸಿ, ಆಮೇಲೆ ಕಳೆಯುವುದು ಒಳ್ಳೆಯದು. 432 − 158: ಬಿಡಿಗೆ ಸಾಲದು, ಹತ್ತನ್ನು ಬಿಚ್ಚು; ಹತ್ತಕ್ಕೆ ಸಾಲದು, ನೂರನ್ನು ಬಿಚ್ಚು. ಈಗ 3 ನೂರು, 12 ಹತ್ತು, 12 ಬಿಡಿ. ಇನ್ನು ಒಂದೇ ಉಸಿರಿನಲ್ಲಿ ಕಳೆ: 274. ಬಿಚ್ಚುತ್ತ ಕಳೆಯುತ್ತ ಎರಡನ್ನೂ ಬೆರೆಸಿ ಹೋಗುವ ಮಕ್ಕಳು ಮಧ್ಯದಲ್ಲಿ ಎಲ್ಲಿದ್ದೇವೆಂದು ಮರೆಯುತ್ತಾರೆ.

ಸೊನ್ನೆಯ ಕಂಟಕ. 403 − 158. ಬಿಡಿಗೆ ಬೇಕು, ಹತ್ತರ ಮನೆ ಖಾಲಿ. ಶಾಲೆಯ ರೀತಿಯಲ್ಲಿ ನೂರನ್ನು ಬಿಚ್ಚಿ ಹತ್ತರ ಮನೆಗೆ ತಂದು, ಅಲ್ಲಿಂದ ಒಂದನ್ನು ಬಿಚ್ಚಿ ಬಿಡಿಗೆ ತರಬೇಕು. ಅರ್ಧದಷ್ಟು ಮಕ್ಕಳು ಈ ಎರಡು ಮೆಟ್ಟಿಲುಗಳ ನಡುವೆ ಬೀಳುತ್ತಾರೆ. ನಾನು ಮಾಡಿಸುವುದು ಹೀಗೆ: 403ರ ಕೊನೆಯ 3ನ್ನು ಬೆರಳಿನಿಂದ ಮುಚ್ಚಿ, "ಎಷ್ಟು ಹತ್ತುಗಳಿವೆ?" ಎಂದು ಕೇಳುತ್ತೇನೆ. 40 ಹತ್ತುಗಳು. ಒಂದನ್ನು ಬಿಚ್ಚಿದರೆ? 39. ಹಾಗಾಗಿ 40ನ್ನು ಒಂದೇ ಗೀಟಿನಲ್ಲಿ ಹೊಡೆದು 39 ಬರೆ, ಬಿಡಿ 13. ಕಳೆದರೆ 245. ಇದೇ ದಾರಿಯಲ್ಲಿ 1000 − 367 ಕೂಡ ಹೆದರಿಸುವುದಿಲ್ಲ: ನೂರು ಹತ್ತುಗಳಲ್ಲಿ ಒಂದು ಬಿಚ್ಚಿದರೆ 99, ಬಿಡಿ 10, ಉತ್ತರ 633.

ದೊಡ್ಡವರಿಗೆ ಇದೆಲ್ಲ ಏಕೆ ಇಷ್ಟು ಕಷ್ಟ ಎನಿಸಿದರೆ ಒಂದು ಹಳೆಯ ಲೆಕ್ಕ ಮಾಡಿ ನೋಡಿ. 1957ರ ಏಪ್ರಿಲ್ 1ರವರೆಗೆ ನಮ್ಮ ರೂಪಾಯಿಗೆ 16 ಆಣೆ. 5 ರೂಪಾಯಿ 4 ಆಣೆಯಲ್ಲಿ 2 ರೂಪಾಯಿ 10 ಆಣೆ ಕಳೆಯಿರಿ, ಬಾಯಲ್ಲಿ. ರೂಪಾಯಿಯನ್ನು ಬಿಚ್ಚಿದಾಗ ಹತ್ತಲ್ಲ, ಹದಿನಾರು ಬರುತ್ತದೆ ಎಂದು ಒಂದು ಕ್ಷಣ ತಡವರಿಸಿದಿರಲ್ಲ? ನಿಮ್ಮ ಮಗುವಿಗೆ ಹತ್ತೂ ಅಷ್ಟೇ ಹೊಸದು. (ಉತ್ತರ 2 ರೂಪಾಯಿ 10 ಆಣೆ.)

ಕೆಲವು ಮನೆಗಳಲ್ಲಿ ಅಜ್ಜನ ರೀತಿ ಬೇರೆ ಇರುತ್ತದೆ: ಮೇಲಿನ ಬಿಡಿಗೆ ಹತ್ತು, ಕೆಳಗಿನ ಹತ್ತರ ಅಂಕಿಗೆ ಒಂದು ಕೂಡಿಸಿ ಕಳೆಯುವುದು. ಎರಡು ಸಂಖ್ಯೆಗಳಿಗೂ ಹತ್ತು ಸೇರಿಸಿದರೆ ವ್ಯತ್ಯಾಸ ಬದಲಾಗುವುದಿಲ್ಲ ಎಂಬುದು ಅದರ ಗುಟ್ಟು, ರೀತಿ ಸರಿಯಾದದ್ದೇ. ಆದರೆ ಬಿಚ್ಚುವುದು ಗಟ್ಟಿಯಾಗುವ ಮುನ್ನ ಇದನ್ನು ಬೆರೆಸಬೇಡಿ. ಅಜ್ಜನಿಗೆ ಒಂದು ತಿಂಗಳು ತಾಳ್ಮೆ ಹೇಳಿ.

ಅಂಗಡಿಯ ದಾರಿ

278 ರೂಪಾಯಿ ಸಾಮಾನಿಗೆ 500ರ ನೋಟು ಕೊಟ್ಟರೆ, ಹಳೆಯ ಜಿನಸಿ ಅಂಗಡಿಯವರು ಕಳೆಯುತ್ತಿರಲಿಲ್ಲ, ಕೂಡಿಸುತ್ತಿದ್ದರು. ಎರಡು ರೂಪಾಯಿ ಇಟ್ಟು "ಇನ್ನೂರ ಎಂಬತ್ತು", ಇಪ್ಪತ್ತು ಇಟ್ಟು "ಮುನ್ನೂರು", ಇನ್ನೂರು ಇಟ್ಟು "ಐನೂರು". ಕೈಗೆ ಬಂದದ್ದು 222. ಈಗ ಮೊಬೈಲಿನಲ್ಲಿ ಹಣ ಹೋಗುತ್ತದೆ, ಚಿಲ್ಲರೆಯ ಪಾಠ ಅಂಗಡಿಯಲ್ಲಿ ಸಿಗುವುದು ಅಪರೂಪ. ವಾರಕ್ಕೊಮ್ಮೆಯಾದರೂ ಮಗುವಿನ ಕೈಗೆ ನೋಟು ಕೊಟ್ಟು ಕಳುಹಿಸಿ, ಅಥವಾ ಕಾಗದದ ನೋಟಿನಲ್ಲಿ ಅಂಗಡಿ ಆಡಿ. ಮೊದಮೊದಲು 100, 10, 1 ಮಾತ್ರ ಇರಲಿ. 20, 50, 200ರ ನೋಟುಗಳು ಆಮೇಲೆ.

ಇಸವಿಗಳ ಲೆಕ್ಕಕ್ಕೂ ಈ ದಾರಿಯೇ ಲೇಸು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟಿತು. 2000ನೇ ಇಸವಿಗೆ ಅದು ಹೊರಟು ಎಷ್ಟು ವರ್ಷವಾಗಿತ್ತು? ನೆಲದ ಮೇಲೆ ಒಂದು ಗೆರೆ ಎಳೆದು ಹಾರಿಸಿ: 1843ರಿಂದ 1850ಕ್ಕೆ 7, ಅಲ್ಲಿಂದ 1900ಕ್ಕೆ 50, ಅಲ್ಲಿಂದ 2000ಕ್ಕೆ 100. ಒಟ್ಟು 157. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಈ ವರ್ಷಕ್ಕೆ ಅದರ ವಯಸ್ಸು ಎಷ್ಟು ಎಂದು ಮಕ್ಕಳೇ ಹಾರಿ ಹೇಳಲಿ. ಒಂದರ ಕೆಳಗೊಂದು ಬರೆದು ಮೂರು ಸೊನ್ನೆ ಹೊಡೆಯುವುದಕ್ಕಿಂತ ಇದು ವೇಗ.

ಆಟ, ಅಂದಾಜು, ಹೇಳಿಕೆ ಲೆಕ್ಕ

ನೂರರ ಓಟ: ಇಬ್ಬರು, ಎರಡು ದಾಳ. ಬಿದ್ದಷ್ಟು ಕಡ್ಡಿ ತೆಗೆದುಕೊಳ್ಳುವುದು, ಹತ್ತಾದರೆ ಕಟ್ಟುವುದು, ಮೊದಲು ಸೂಡಿ ಕಟ್ಟಿದವರು ಗೆದ್ದರು. ಮರುದಿನ ತಿರುವುಮುರುವು: ಒಂದು ಸೂಡಿಯಿಂದ ಆರಂಭಿಸಿ, ಬಿದ್ದಷ್ಟು ಕೊಡುತ್ತ ಬರಿಗೈ ಆಗುವುದು. ಮೊದಲ ದಾಳಕ್ಕೇ ಸೂಡಿ ಬಿಚ್ಚಬೇಕು, ಸರಿಯಾಗಿ ಹತ್ತೇ ಬೀಳದಿದ್ದರೆ ಅದರೊಳಗಿನ ಕಟ್ಟನ್ನೂ ಬಿಚ್ಚಬೇಕು. ಸೊನ್ನೆಯ ಕಂಟಕ ಎಂದೆನಲ್ಲ, ಅದು ಇಲ್ಲಿ ಆಟವಾಗಿ ಮುಗಿದುಹೋಗುತ್ತದೆ. ಚೆನ್ನೆಮಣೆ ಇರುವ ಮನೆಯಲ್ಲಿ ಆಟ ಮುಗಿದ ಮೇಲೆ ಇಬ್ಬರ ಕಾಯಿಗಳನ್ನೂ ಕೂಡಿಸಿ. 14 ಗುಳಿ, ಗುಳಿಗೆ 4, ಒಟ್ಟು 56 ಬರಲೇಬೇಕು. ಬಾರದಿದ್ದರೆ ಯಾರೋ ಮಡಿಲಲ್ಲಿ ಅಡಗಿಸಿದ್ದಾರೆ.

ಲೆಕ್ಕಕ್ಕೆ ಮುನ್ನ ಅಂದಾಜು ಹೇಳಿಸುವುದು ರೂಢಿಯಾಗಲಿ. 398 + 204 ಎಂದರೆ ಆರುನೂರರ ಆಸುಪಾಸು. ಲೆಕ್ಕ ಮುಗಿದ ಮೇಲೆ ತಾಳೆ ನೋಡುವುದು: ಕಳೆದು ಬಂದದ್ದಕ್ಕೆ ಕಳೆದದ್ದನ್ನು ಕೂಡಿಸಿದರೆ ಮೊದಲಿನದು ಬರಬೇಕು. ಹುಡುಗಿಯ 35ಕ್ಕೆ 27 ಕೂಡಿಸಿದರೆ 62. ತಪ್ಪನ್ನು ನಾನು ಹೇಳಬೇಕಾಗಲಿಲ್ಲ.

ಹೇಳಿಕೆ ಲೆಕ್ಕಗಳಲ್ಲಿ "ಒಟ್ಟು ಎಂದರೆ ಕೂಡಿಸು, ಹೆಚ್ಚು ಎಂದರೂ ಕೂಡಿಸು, ಉಳಿದದ್ದು ಎಂದರೆ ಕಳೆ" ಎಂಬ ಸೂತ್ರ ಕಲಿಸಬೇಡಿ. "ಅಕ್ಕನ ಬಳಿ 65 ಮಂಜೊಟ್ಟಿ ಇದೆ. ಅದು ತಮ್ಮನ ಬಳಿ ಇರುವುದಕ್ಕಿಂತ 28 ಹೆಚ್ಚು. ತಮ್ಮನ ಬಳಿ ಎಷ್ಟು?" 'ಹೆಚ್ಚು' ಎಂಬ ಪದ ಕಂಡು 93 ಎನ್ನುವವರೇ ಬಹಳ. ಯಾರ ಬಳಿ ಜಾಸ್ತಿ ಎಂದು ಮೊದಲು ಬಾಯಿಬಿಟ್ಟು ಹೇಳಿಸಿ, ಎರಡು ಗೆರೆ ಎಳೆಸಿ, ಉದ್ದದ್ದು ಯಾರದು ಎಂದು ಕೇಳಿ. 37 ತಾನಾಗಿ ಬರುತ್ತದೆ.

ಎಷ್ಟು, ಎಷ್ಟು ದಿನ

ದಿನಕ್ಕೆ ಹದಿನೈದು ನಿಮಿಷ, ಐದಾರು ಲೆಕ್ಕ. ಮೂವತ್ತು ಲೆಕ್ಕ ಕೊಟ್ಟರೆ ತಪ್ಪು ನಿಯಮವನ್ನೇ ಮೂವತ್ತು ಸಲ ಅಭ್ಯಾಸ ಮಾಡಿಸಿದಂತೆ. ಚಿಕ್ಕ ಮಕ್ಕಳ ಓದು, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಕಾರ್ಯಕ್ರಮವು ಒಂದನೆಯ ತರಗತಿಗೆ 99, ಎರಡನೆಯದಕ್ಕೆ 999, ಮೂರನೆಯದಕ್ಕೆ 9999ರವರೆಗಿನ ಸಂಖ್ಯೆಗಳನ್ನು ಗುರಿಯಾಗಿ ಇಟ್ಟಿದೆ. ಪಕ್ಕದ ಮನೆಯ ಯುಕೆಜಿ ಮಗು ಮೂರಂಕಿ ಲೆಕ್ಕ ಮಾಡುತ್ತದೆ ಎಂದು ನೀವು ಬೆವರಬೇಕಾಗಿಲ್ಲ.

ಕಡ್ಡಿಯನ್ನು ಕಿತ್ತುಕೊಳ್ಳಬೇಡಿ. ಮಗುವೇ ಒಂದು ದಿನ ಕಡ್ಡಿ ಡಬ್ಬಿಯನ್ನು ತೆರೆಯದೆ ಪೆನ್ಸಿಲ್ ಹಿಡಿಯುತ್ತದೆ; ತಪ್ಪಾದಾಗ ಮತ್ತೆ ತೆರೆಯುತ್ತದೆ. ಡಬ್ಬಿ ಕೈಗೆಟಕುವಲ್ಲಿ ಇದ್ದರೆ ಸಾಕು.

ಕೊನೆಗೆ ಒಂದು ದಿನ ಈ ನಾಲ್ಕನ್ನು ಒಟ್ಟಿಗೆ ಕೊಡಿ: 586 − 243, 721 − 365, 600 − 254, 1001 − 998. ಮೊದಲನೆಯದರಲ್ಲಿ ಬಿಚ್ಚುವುದೇನೂ ಇಲ್ಲ. ಅಭ್ಯಾಸಬಲದಿಂದ ಬಿಚ್ಚುತ್ತದೆಯೇ ನೋಡಿ. ಮುಂದಿನ ಎರಡರಲ್ಲಿ ಬಿಚ್ಚಲೇಬೇಕು. ಕೊನೆಯದಕ್ಕೆ ಸೊನ್ನೆಗಳನ್ನು ಹೊಡೆಯಲು ಪೆನ್ಸಿಲ್ ಎತ್ತಿದರೆ ತಡೆಯಬೇಡಿ, ಮಾಡಿ ಮುಗಿಸಲಿ. ಪೆನ್ಸಿಲ್ ಕೆಳಗಿಟ್ಟು "ಮೂರೇ ಅಲ್ಲವೇ?" ಎಂದು ನಿಮ್ಮನ್ನೇ ಕೇಳಿದರೆ, ಪುಸ್ತಕ ಮುಚ್ಚಿ ಆಟಕ್ಕೆ ಬಿಡಿ.